ಕಂಟಿನ್ಯೂ ಒತ್ತುವ ಉದ್ಯೋಗ

ಇವತ್ತು ಕಚೇರಿಯಲ್ಲಿ ಒಬ್ಬ ಜಾಣ ಹುಡುಗ ಡಿಬಗ್ ಮಾಡುತ್ತಿದ್ದುದನ್ನು, ಅಂದರೆ ಪ್ರೋಗ್ರಾಂನ ದೋಷ ಹುಡುಕುತ್ತಿದ್ದುದನ್ನು, ಹಿಂದೆ ನಿಂತು ನೋಡಿದೆ. ನೋಡಬಾರದಿತ್ತು. ತಲೆ ಇನ್ನೂ ಬಿಸಿಯಾಗಿಯೇ ಇದೆ.

ಲೂಪಿನೊಳಗೆ, ಅಂದರೆ ಮತ್ತೆ ಮತ್ತೆ ಸುತ್ತುವ ಕೋಡಿನೊಳಗೆ, ಒಂದು ಬ್ರೇಕ್‌ಪಾಯಿಂಟ್ (‘ಇಲ್ಲಿಗೆ ಬಂದಾಗ ನಿಲ್ಲು’ ಎಂಬ ಗುರುತು) ಇಟ್ಟಿದ್ದ. ಪ್ರೋಗ್ರಾಂ ನಿಲ್ಲುತ್ತದೆ, ಇವನು ಒಂದು ವೇರಿಯಬಲ್ಲನ್ನು ಪ್ರಿಂಟ್ ಮಾಡಿಸಿ, ಬಂದ ಮೌಲ್ಯವನ್ನು ಪೆನ್ನು ಹಿಡಿದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ‘ಕಂಟಿನ್ಯೂ’ ಕೊಡುತ್ತಾನೆ. ಮತ್ತೆ ನಿಲ್ಲುತ್ತದೆ, ಮತ್ತೆ ಬರೆಯುತ್ತಾನೆ. ಹತ್ತುವವರೂ ಇಲ್ಲದ, ಇಳಿಯುವವರೂ ಇಲ್ಲದ ಸ್ಟಾಪುಗಳಲ್ಲೆಲ್ಲ ಬಸ್ಸು ನಿಲ್ಲಿಸಿ ‘ರೈಟ್ ರೈಟ್’ ಎನ್ನುವ ಕಂಡಕ್ಟರನ ಹಾಗೆ. ಗಣಕ ಯಂತ್ರಕ್ಕೆ ಮನುಷ್ಯ ಗುಮಾಸ್ತನಾಗಿ ದುಡಿಯುವುದನ್ನು ಇಷ್ಟು ಹತ್ತಿರದಿಂದ ನೋಡಿದಾಗ ನನಗೆ ಸಂಕಟವಾಗುತ್ತದೆ.

ಜಿಡಿಬಿ ಎಂಬ ಡಿಬಗ್ಗರ್ (ಪ್ರೋಗ್ರಾಂ ನಿಲ್ಲಿಸಿ ಒಳಗೆ ಇಣುಕಿ ನೋಡುವ ಸಲಕರಣೆ) 1986ರಿಂದ ಇದೆ. ಈ ಗುಮಾಸ್ತಿಕೆಯನ್ನು ಅದಕ್ಕೇ ವಹಿಸಬಹುದು. ಬ್ರೇಕ್‌ಪಾಯಿಂಟ್ ಇಟ್ಟ ಮೇಲೆ ‘ಕಮಾಂಡ್ಸ್’ ಎಂದು ಟೈಪಿಸಿ, ನಿಂತಾಗ ಏನೇನು ಮಾಡಬೇಕೆಂದು ಸಾಲುಸಾಲಾಗಿ ಹೇಳಿ, ‘ಎಂಡ್’ ಎಂದು ಮುಗಿಸಿದರೆ ಅಷ್ಟೇ. ಮೊದಲ ಸಾಲು ‘ಸೈಲೆಂಟ್’ ಆಗಿದ್ದರೆ ‘ಇಲ್ಲಿ ನಿಂತಿದ್ದೇನೆ’ ಎಂಬ ಮಾಮೂಲಿ ಡಂಗುರ ಇರುವುದಿಲ್ಲ. ನಡುವೆ ಮೌಲ್ಯವನ್ನು ಪರದೆಗೆ ಬರೆಯುವ ಒಂದು ‘ಪ್ರಿಂಟ್‌ಎಫ್’, ಕೊನೆಗೆ ‘ಕಂಟಿನ್ಯೂ’. ಕಂಟಿನ್ಯೂ ಕೊನೆಯಲ್ಲೇ ಇರಬೇಕು. ಅದರ ನಂತರ ಬರೆದದ್ದನ್ನು ಜಿಡಿಬಿ ಮೂಸಿಯೂ ನೋಡುವುದಿಲ್ಲ. ಇಷ್ಟು ಮಾಡಿ ಕಾಫಿಗೆ ಹೋಗಬಹುದು.

ಒಂದು ಬ್ರೇಕ್‌ಪಾಯಿಂಟಿನ ಕಮಾಂಡಿನಿಂದ ಇನ್ನೊಂದನ್ನು ಎಬ್ಬಿಸಲೂಬಹುದು. ಸಾವಿರ ಕಡೆಯಿಂದ ಕರೆಯಲಾಗುವ ಫಂಕ್ಷನ್ (ಕೋಡಿನ ತುಣುಕು) ಒಂದಿದೆ, ಲಾಗಿನ್ ಆದ ನಂತರದ ಕರೆಗಳು ಮಾತ್ರ ನಿಮಗೆ ಬೇಕು ಎನ್ನಿ. ಅಲ್ಲಿನ ಬ್ರೇಕ್‌ಪಾಯಿಂಟನ್ನು ಡಿಸೇಬಲ್ ಮಾಡಿಟ್ಟು, ಲಾಗಿನ್ನಿನಲ್ಲಿರುವ ಬ್ರೇಕ್‌ಪಾಯಿಂಟಿಗೆ ‘ಅದನ್ನು ಎನೇಬಲ್ ಮಾಡಿ ಮುಂದೆ ಹೋಗು’ ಎಂದು ಹೇಳಿದರೆ ಸಾಕು. ನನಗೆ ತೀರಾ ಇಷ್ಟವಾದದ್ದು ಜಿಡಿಬಿ ಕೈಪಿಡಿಯಲ್ಲೇ ಇರುವ ಉದಾಹರಣೆ: 403ನೆಯ ಸಾಲಿನಲ್ಲಿ ನಿಲ್ಲು, ಸದ್ದಿಲ್ಲದೆ ವೇರಿಯಬಲ್ಲಿಗೆ ಸರಿಯಾದ ಮೌಲ್ಯ ತುಂಬು, ಮುಂದೆ ಹೋಗು. ಅಂದರೆ ಒಂದು ದೋಷಕ್ಕೆ ತಾತ್ಕಾಲಿಕ ತೇಪೆ ಹಾಕಿ ಇನ್ನೊಂದನ್ನು ಬೇಟೆಯಾಡುವುದು. ಕೋಡನ್ನು ತಿದ್ದಿ ಮತ್ತೆ ಪ್ರೋಗ್ರಾಂ ಆಗಿ ಪರಿವರ್ತಿಸುವ ಮರುಕಂಪೈಲ್ ಇಲ್ಲ! ಇದನ್ನು ಮೊದಲ ಸಲ ಓದಿದಾಗ ಎದ್ದು ನಿಂತು ಯಾರಿಗಾದರೂ ಹೇಳಬೇಕೆನಿಸಿತ್ತು. ಮನೆಯವರಿಗೇ ಹೇಳಿದೆ. ಅವರು ಸಾರಿಗೆ ಒಗ್ಗರಣೆ ಹಾಕಿದರು.

‘ಕೋಡಿನಲ್ಲೇ ಪ್ರಿಂಟ್ ಹಾಕಿದರಾಯಿತಲ್ಲ ಸಾರ್’ ಎಂದ ಹುಡುಗ. ಆಗಲಪ್ಪ, ಹಾಕು. ಆ ಮರುಕಂಪೈಲ್, ಅಂದರೆ ಬಿಲ್ಡ್, ಮುಗಿಯುವವರೆಗೆ ಕಾಯಿ. ಆಮೇಲೆ ಬೇಕಾದದ್ದು ಪಕ್ಕದ ವೇರಿಯಬಲ್ ಎಂದು ತಿಳಿಯುತ್ತದೆ, ಮತ್ತೆ ಬಿಲ್ಡ್ ಮಾಡು. ಕೊನೆಗೆ ‘ಇಲ್ಲಿಗೆ ಬಂತು 2’ ಎಂಬ ಸಾಲು ಗ್ರಾಹಕರ ಲಾಗ್ ಫೈಲಿನಲ್ಲಿ ಪ್ರತ್ಯಕ್ಷವಾಗಲಿ.

ಇನ್ನೂ ಬುದ್ಧಿವಂತರು ವೇಗದ ಮಾತೆತ್ತುತ್ತಾರೆ. ನಿಜ, ಪ್ರತಿ ಸಲವೂ ಪ್ರೋಗ್ರಾಂ ನಿಂತು ಡಿಬಗ್ಗರಿನ ಕೈಗೆ ಹೋಗಿ ಬರಬೇಕು. ಲಕ್ಷಾಂತರ ಸಲ ಸುತ್ತುವ ಲೂಪಿನಲ್ಲಿ ಅದು ತೆವಳುತ್ತದೆ. ಸಮಯ ಸ್ವಲ್ಪ ಹಿಂದುಮುಂದಾದರೂ ಮಾಯವಾಗುವ ದೋಷಗಳು ಹೀಗೆ ಸಿಗುವುದೂ ಇಲ್ಲ. ಒಪ್ಪಿದೆ. ಆದರೆ ನೋಟ್‌ಬುಕ್ಕು ಮತ್ತು ಪೆನ್ನು ಅದಕ್ಕಿಂತ ವೇಗವೇ?

ನಿಜ ಹೇಳಲೇ? ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. ನಾನು ಹುಟ್ಟಾ ಸೋಮಾರಿ, ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಾದರೆ ಮೈ ಉರಿಯುತ್ತದೆ. ಆ ಹುಡುಗನ ತಾಳ್ಮೆ ನೋಡಿ ಒಳಗೊಳಗೇ ಹೊಟ್ಟೆಕಿಚ್ಚೂ ಆಯಿತು. ಇಷ್ಟು ತಾಳ್ಮೆಯಿರುವವನು ಕೈಪಿಡಿಯ ಎರಡು ಪುಟ ಓದಲಾರನೇ?

‘ನಾವು ಜಿಡಿಬಿ ಬಳಸುವುದಿಲ್ಲ’ ಎಂದು ಕಮೆಂಟು ಹಾಕಲು ಹೊರಟವರೇ, ತಪ್ಪಿಸಿಕೊಳ್ಳಬೇಡಿ. ಎಲ್‌ಎಲ್‌ಡಿಬಿ ಎಂಬ ಇನ್ನೊಂದು ಡಿಬಗ್ಗರಿನಲ್ಲಿ ಇದೇ ಕೆಲಸಕ್ಕೆ ‘ಬ್ರೇಕ್‌ಪಾಯಿಂಟ್ ಕಮಾಂಡ್ ಆ್ಯಡ್’ ಇದೆ. ನಿಲ್ಲದೆಯೇ ಮೌಲ್ಯ ಬರೆದುಕೊಡಲು ವಿಷುಯಲ್ ಸ್ಟುಡಿಯೋದಲ್ಲಿ ಟ್ರೇಸ್‌ಪಾಯಿಂಟ್ ಇದೆ, ವಿಎಸ್ ಕೋಡ್‌ನಲ್ಲಿ ಲಾಗ್‌ಪಾಯಿಂಟ್ ಇದೆ. ಮೌಸಿನ ಬಲಗುಂಡಿ ಒತ್ತಿದರೆ ಮೆನುವಿನಲ್ಲೇ ಕಾಣುತ್ತದೆ. ಜಿಡಿಬಿಯವರು ಮಾತ್ರ ಮೊದಲು ‘ಸೆಟ್ ಪೇಜಿನೇಷನ್ ಆಫ್’ ಕೊಡಿ. ಇಲ್ಲದಿದ್ದರೆ ಪರದೆ ತುಂಬಿದಾಗಲೆಲ್ಲ ಅದು ನಿಂತು ಎಂಟರ್ ಒತ್ತು ಎನ್ನುತ್ತದೆ, ನೀವು ಒತ್ತುತ್ತಲೇ ಕೂರುತ್ತೀರಿ.