ವಾರಕ್ಕೆ ಎರಡು ರಾತ್ರಿ ಬರೋರಿಗೆ ಮನೆ ಇದೆ, ಇಲ್ಲೇ ಬದುಕೋ ನಮಗಿಲ್ಲ

ಹದಿನೆಂಟು ಮನೆ ನೋಡಿದ್ದಾಯ್ತು. ಹನ್ನೊಂದು ವರ್ಷದಿಂದ ಚಿಕ್ಕಮಗಳೂರಲ್ಲಿ ಇದ್ದೇನೆ. ಒಂದು ಬಾಡಿಗೆ ಮನೆಗಾಗಿ ಇಷ್ಟು ಅಲೆದಿದ್ದು ಇದೇ ಮೊದಲು. ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಕೈಮರದ ಕಡೆ ಹೋಗುವ ರಸ್ತೆಗೆ ಹತ್ತಿರ. ಬಾಡಿಗೆ 8,500. ಆರು ವರ್ಷದಲ್ಲಿ ಒಂದು ತಿಂಗಳೂ ತಡ ಮಾಡಿದವನಲ್ಲ. ಹೋದ ತಿಂಗಳು ಓನರ್ ಬಂದರು, ಕೂತು ಕಾಫಿ ಕುಡಿದರು, "ಮನೆ ಖಾಲಿ ಮಾಡಿಕೊಡಿ, ಹೋಂಸ್ಟೇ ಮಾಡ್ತಿದ್ದೀವಿ" ಅಂದರು. ಲೆಕ್ಕವನ್ನೂ ಅವರೇ ಹೇಳಿದರು. ಒಂದು ರಾತ್ರಿಗೆ 4,000. ವಾರಕ್ಕೆ ಶುಕ್ರವಾರ, ಶನಿವಾರ ಎರಡೇ ರಾತ್ರಿ ಜನ ಬಂದರೂ ತಿಂಗಳಿಗೆ 32 ಸಾವಿರ. "ನೀವೇ ಹೇಳಿ, ನಿಮ್ಮ 8,500 ಇಟ್ಕೊಂಡು ನಾನೇನು ಮಾಡಲಿ?" ಪಕ್ಕದಲ್ಲೇ ಅಮ್ಮ ಕೂತಿದ್ದರು. ನಾನು ತಲೆ ತಗ್ಗಿಸಿದೆ.

ಕರಾರು ಪತ್ರ 11 ತಿಂಗಳದ್ದು. ಎಲ್ಲರದ್ದೂ ಹಾಗೇ ಅಲ್ವಾ? ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು, ಆ ಖರ್ಚು, ಓಡಾಟ ಯಾರಿಗೂ ಬೇಡ. ಹಾಗಾಗಿ ಆರು ವರ್ಷ ಬಾಳಿದ ಮನೆಯಲ್ಲೂ ಕಾಗದದ ಪ್ರಕಾರ ನಾವು ನಿನ್ನೆ ಮೊನ್ನೆ ಬಂದವರು.

ಈಗ ಸಿಗುವ ಮನೆಗಳ ಕಥೆ ಕೇಳಿ. ಕೋಟೆ ಕಡೆ ಒಂದು ಮನೆ, ಎರಡು ರೂಮು, ಬಾಡಿಗೆ 13,000, ಅಡ್ವಾನ್ಸ್ ಒಂದೂವರೆ ಲಕ್ಷ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಬೇರೆ. ಒಳಗೆ ಹೋಗಿ ಗೋಡೆ ಮೇಲೆ ಕೈ ಇಟ್ಟೆ. ಬಣ್ಣ ಪದರ ಪದರವಾಗಿ ಅಂಗೈಗೆ ಬಂತು. ಕೆಳಗೆ ಕಪ್ಪು ಬೂಸ್ಟು. ಬೀರು ಇಡೋ ಮೂಲೆಯಲ್ಲಿ ನೀರು ಜಿನುಗಿದ ಗೆರೆ ನೆಲದವರೆಗೂ ಇಳಿದಿತ್ತು. "ಮಳೆಗಾಲ ಮುಗಿದ ಮೇಲೆ ಒಣಗುತ್ತೆ" ಅಂದರು. ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿಯುವ ಊರಲ್ಲಿ ನನ್ನ ಅಮ್ಮನ ಕೆಮ್ಮಿಗೆ ಯಾರು ಜವಾಬ್ದಾರಿ? ಹೊರಗೆ ಬಂದು ಕೈ ಒರೆಸಿಕೊಂಡರೂ ಆ ವಾಸನೆ ಹೋಗಲಿಲ್ಲ.

ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ 2021ರಲ್ಲಿ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಬಂತು. ಹೆಸರೇ ಹೇಳುವ ಹಾಗೆ ಅದು ಮಾದರಿ ಅಷ್ಟೇ. ಮನೆ ಹುಡುಕುವವನು ಅದನ್ನು ಬಾಯಿಬಿಟ್ಟರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.

ನಾನು ಸರ್ಕಾರಿ ಗುಮಾಸ್ತ. ಕೇಳಿದವರೆಲ್ಲ "ನಿಮಗೇನ್ರೀ, ಮನೆ ಬಾಡಿಗೆ ಭತ್ಯೆ ಬರುತ್ತಲ್ಲ" ಅನ್ನುತ್ತಾರೆ. ನನ್ನ ಮೂಲ ವೇತನ 36 ಸಾವಿರ. 2024ರ ಆಗಸ್ಟ್‌ನಿಂದ ಹೊಸ ವೇತನದಲ್ಲಿ ಬೆಂಗಳೂರಿಗೆ ಶೇ. 20, ಮೈಸೂರು, ಮಂಗಳೂರಿನಂಥ ನಗರಗಳಿಗೆ ಶೇ. 15, ನಮ್ಮಂಥ ಊರುಗಳಿಗೆ ಶೇ. 7.5. ಅಂದರೆ 2,700 ರೂಪಾಯಿ. ಬೆಂಗಳೂರಲ್ಲಿ ಬಾಡಿಗೆ ಜಾಸ್ತಿ, ಅಲ್ಲಿನವರಿಗೆ ಜಾಸ್ತಿ ಕೊಡಲಿ, ನನ್ನ ತಕರಾರಿಲ್ಲ. ಆದರೆ ಚಿಕ್ಕಮಗಳೂರಿಗೂ ಕಡೂರಿಗೂ ಒಂದೇ ದರ ಅನ್ನೋದು ಯಾವ ನ್ಯಾಯ? ಕಡೂರಲ್ಲಿ ನನ್ನ ತಮ್ಮ ಇಂಥದ್ದೇ ಮನೆಗೆ 6,000 ಕೊಡುತ್ತಾನೆ. ಹಾಸನದಲ್ಲಿ ಅಕ್ಕ 9,500 ಕೊಟ್ಟು ಬಿಸಿಲು ಬೀಳೋ ಮನೆಯಲ್ಲಿದ್ದಾಳೆ. ಮೂವರದ್ದೂ ಸರ್ಕಾರಿ ನೌಕರಿ, ಮೂರು ಊರಿಗೂ ಅದೇ ಶೇ. 7.5.

ಊರಿನ ದರ್ಜೆ ನೋಡೋದು ಜನಸಂಖ್ಯೆ ಮೇಲೆ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರಕ್ಕೆ 1.18 ಲಕ್ಷ ಜನ. ಮುಳ್ಳಯ್ಯನಗಿರಿ ನೋಡಲು ಶನಿವಾರ ಬೆಳಗ್ಗೆ ಸಾಲುಗಟ್ಟಿ ಬರುವ ಕಾರುಗಳು ಆ ಲೆಕ್ಕದಲ್ಲಿಲ್ಲ. ಆದರೆ ನನ್ನ ಬಾಡಿಗೆ ತೀರ್ಮಾನ ಮಾಡೋದು ಆ ಕಾರುಗಳೇ. ಬರುವವರ ಮೇಲೆ ನನಗೆ ಸಿಟ್ಟಿಲ್ಲ, ಬೆಟ್ಟ ಎಲ್ಲರದ್ದೂ. ಅವರ ಜೇಬು ನೋಡಿ ನಮಗೆ ಬೆಲೆ ಕಟ್ಟುತ್ತಾರಲ್ಲ, ಸಿಟ್ಟು ಅದಕ್ಕೆ. ಹೋಂಸ್ಟೇ ಅಂದರೆ ಮನೆಯವರು ಮನೆಯಲ್ಲಿದ್ದು, ನೆಂಟರ ಥರ ನಾಲ್ಕು ಜನರನ್ನು ನೋಡಿಕೊಳ್ಳೋದು. ಬೀದಿ ಮಧ್ಯೆ ಇರುವ ಬಾಡಿಗೆ ಮನೆಗಳನ್ನೆಲ್ಲ ಖಾಲಿ ಮಾಡಿಸಿ, ಬೀಗದ ಕೈ ಹುಡುಗನೊಬ್ಬನಿಗೆ ಕೊಟ್ಟು ಹೋಗೋದಲ್ಲ.

ಪಿಂಚಣಿ ಕಂತು, ವಿಮೆ, ಸೊಸೈಟಿ ಸಾಲ ಕಳೆದು ನನ್ನ ಕೈಗೆ ಬರೋದು 34 ಸಾವಿರ. ಮಗಳ ಸ್ಕೂಲಿಗೆ ತಿಂಗಳಿಗೆ 4,500. ಅಮ್ಮನ ಬಿಪಿ, ಶುಗರ್ ಮಾತ್ರೆಗೆ 2,200. ದಿನಸಿ, ಹಾಲು, ತರಕಾರಿ, ಗ್ಯಾಸ್ ಎಲ್ಲ ಸೇರಿ 9,000. ಬಾಡಿಗೆ 13,000 ಆದರೆ ಉಳಿಯೋದು 5,300. ಅದರಲ್ಲೇ ಪೆಟ್ರೋಲು, ಕರೆಂಟು, ಫೋನು, ಮದುವೆ ಮುಂಜಿ. ಮೊನ್ನೆ ರಾತ್ರಿ ನನ್ನ ಹೆಂಡತಿ ಕ್ಯಾಲೆಂಡರ್ ಹಿಂದೆ ಈ ಲೆಕ್ಕ ಬರೆದು, ಕೂಡಿ ಕಳೆದು, ಪೆನ್ನು ಕೆಳಗಿಟ್ಟು, "ಮಗಳ ಡ್ಯಾನ್ಸ್ ಕ್ಲಾಸ್ ಬಿಡಿಸೋಣ" ಅಂದಳು. ಮಗಳು ಮಲಗಿರಲಿಲ್ಲ, ಕೇಳಿಸಿಕೊಂಡಳು.

"ಕಡೂರಿಗೇ ಹೋಗಿಬಿಡಿ, ದಿನಾ ಬಸ್ಸಲ್ಲಿ ಓಡಾಡಿ" ಅಂತ ಸುಲಭವಾಗಿ ಹೇಳುವವರಿದ್ದಾರೆ. ಹೋಗಿ ಬರೋದಕ್ಕೆ ದಿನಕ್ಕೆ 80 ಕಿಲೋಮೀಟರ್. ಮಗಳ ಸ್ಕೂಲು ಇಲ್ಲಿ, ಅಮ್ಮನ ಡಾಕ್ಟರ್ ಇಲ್ಲಿ, ನನ್ನ ಕೆಲಸ ಇಲ್ಲಿ. ಕೆಲಸ ಮಾಡೋ ಊರಲ್ಲೇ ಒಂದು ಮನೆ ಕೇಳೋದು ದುರಾಸೆನಾ?

ತಿಂಗಳ ಕೊನೆಗೆ ಖಾಲಿ ಮಾಡಬೇಕು. ಉಪ್ಪಳ್ಳಿ ಕಡೆ 10,500ಕ್ಕೆ ಒಂದು ಮನೆ ಇದೆಯಂತೆ, ಎರಡನೇ ಮಹಡಿ. ಅಮ್ಮನ ಮೊಣಕಾಲಿಗೆ ಅಷ್ಟು ಮೆಟ್ಟಿಲು ಆಗಲ್ಲ. "ನಾನು ನಿಧಾನಕ್ಕೆ ಹತ್ತುತ್ತೀನಿ, ನೀನು ನೋಡ್ಕೊಂಡು ಬಾ" ಅಂತ ಅವರೇ ಬೆಳಗ್ಗೆಯಿಂದ ಹೇಳುತ್ತಿದ್ದಾರೆ.