ಟವಲ್ ವಿಷಯ ಬರೆದ್ರಾ?

ಕೆಲವು ವರ್ಷಗಳ ಹಿಂದೆ ಮಂಡ್ಯ ಜಿಲ್ಲೆಯ ಒಂದು ಊರಿನಲ್ಲಿ ಸಾರ್ವಜನಿಕ ಅಹವಾಲು ಸಭೆಗೆ ಹೋಗಿದ್ದೆ. ಅಲ್ಲಿನ ಕಾರ್ಖಾನೆಯೊಂದನ್ನು ದೊಡ್ಡದು ಮಾಡುವ ಯೋಜನೆ. ಯಾವ ಕಾರ್ಖಾನೆ ಅಂತ ಕೇಳಬೇಡಿ, ಹೇಳಲ್ಲ. ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿ, ಹಿಂದುಗಡೆ ಉಪ್ಪಿಟ್ಟು ಕೇಸರಿಬಾತು. ಥೇಟ್ ಮದುವೆ ಮನೆ. ಪೊಲೀಸ್ ಜೀಪು ಒಂದು ಜಾಸ್ತಿ ಇತ್ತು ಅಷ್ಟೇ.

ಮೊದಲ ಮುಕ್ಕಾಲು ಗಂಟೆ ಕಂಪನಿಯವರ ಸ್ಲೈಡ್ ಶೋ. ಬಿಸಿಲಿಗೆ ಪರದೆ ಮೇಲೆ ಏನೂ ಕಾಣುತ್ತಿರಲಿಲ್ಲ. ಕಂಡಿದ್ದರೂ ಪ್ರಯೋಜನ ಇರಲಿಲ್ಲ, ಎಲ್ಲ ಇಂಗ್ಲಿಷು. ಆಮೇಲೆ ಊರವರ ಸರದಿ ಬಂತು. ಒಬ್ಬರು ಕೆಲಸ ಕೊಡಿ ಅಂದರು, ಇನ್ನೊಬ್ಬರು ರಸ್ತೆ ಮಾಡಿಸಿ ಅಂದರು. ಕೊನೆಗೆ ಒಬ್ಬ ಅಜ್ಜಿ ಎದ್ದರು. ಮೈಕ್ ಹಿಡಿಯಲು ಹೆದರಿದರು, ಪಕ್ಕದ ಹುಡುಗ ಹಿಡಿದುಕೊಂಡ. ಪ್ಲಾಸ್ಟಿಕ್ ಕವರಿನಿಂದ ಒಂದು ಬಿಳಿ ಟವಲ್ ತೆಗೆದು ಬಿಡಿಸಿದರು. ಎಳ್ಳು ಚೆಲ್ಲಿದ ಹಾಗೆ ಅದರ ತುಂಬಾ ಕಪ್ಪು ಮಸಿ.

"ನೆನ್ನೆ ಬೆಳಿಗ್ಗೆ ಒಗ್ದಾಕಿದ್ದು ಕನಪ್ಪ. ಮಧ್ಯಾನ್ಕೆ ಇಂಗಾಗದೆ. ಇದೇ ಮಸಿ ಮುದ್ದೆ ಮ್ಯಾಲೂ ಬೀಳ್ತದೆ. ಇನ್ನೊಂದ್ ಚಿಮಣಿ ಹಾಕುದ್ರೆ ನಾವ್ ಎಲ್ಲಿಗೋಗುವ?"

ಟವಲನ್ನು ಅಧಿಕಾರಿಗಳ ಮೇಜಿನ ಮೇಲೆ ಹಾಸಿ ಬಂದು ಕೂತರು. ಸಭೆಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದು ಇರಲಿಲ್ಲ. "ಆಯ್ತಮ್ಮ, ದಾಖಲು ಮಾಡಿಕೊಂಡಿದ್ದೇವೆ" ಅಂದರು ಮೇಲಿಂದ.

ಇಂಥ ಸಭೆ ನಡೆಯುವುದು 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಪ್ರಕಾರ. 30 ದಿನ ಮೊದಲೇ ಪೇಪರಿನಲ್ಲಿ ಪ್ರಕಟಣೆ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಮ್ಮಿ ಇಲ್ಲದವರು ಅಧ್ಯಕ್ಷತೆ ವಹಿಸಬೇಕು. ಎಲ್ಲ ವಿಡಿಯೋ ಆಗಬೇಕು. ನಿಯಮ ಓದಿದರೆ ಕೆಟ್ಟದಾಗೇನೂ ಇಲ್ಲ. ಆದರೆ ಕೋರಂ ಬೇಕಿಲ್ಲ, ನಾಲ್ಕು ಜನ ಬಂದರೂ ಸಭೆ ಸಭೆಯೇ. ಮತದಾನವೂ ಇಲ್ಲ, ಊರಿಗೆ ಊರೇ ಬೇಡ ಅಂದರೂ ಅದು ಬರೀ ಅಭಿಪ್ರಾಯ. ಅದಕ್ಕಿಂತ ನನಗೆ ತಕರಾರಿರುವುದು ಕೇಳುವ ಹೊತ್ತಿನ ಬಗ್ಗೆ. ಜಾಗ ಗೊತ್ತಾಗಿ, ನಕ್ಷೆ ತಯಾರಾಗಿ, ವರದಿಯ ಕರಡು ಅಚ್ಚಾದ ಮೇಲೆ ನಮ್ಮನ್ನು ಕರೆಯುತ್ತಾರೆ. ಲಗ್ನಪತ್ರಿಕೆ ಹಂಚಿ ಆದ ಮೇಲೆ ಹುಡುಗಿಗೆ "ನಿಂಗೆ ಒಪ್ಗೇನಾ?" ಅಂದ ಹಾಗೆ.

ನಮ್ಮ ಮೈಸೂರಿನ ಕಥೆ ನೋಡಿ. 2021ರಲ್ಲಿ ಲಲಿತಮಹಲ್ ಹತ್ತಿರ ಹೆಲಿಪ್ಯಾಡ್ ಮಾಡಲು ಬಹಳಷ್ಟು ಮರ ಕಡಿಯುವ ಪ್ರಸ್ತಾಪ ಬಂತು. ಆಕ್ಷೇಪಣೆ ಕರೆದರು. ಊರು ತಿರುಗಿಬಿತ್ತು. ವಾಕಿಂಗ್ ಹೋಗುವವರು, ಕಾಲೇಜು ಹುಡುಗರು, ಹಕ್ಕಿ ನೋಡುವವರು ಎಲ್ಲ ಸೇರಿ ಬೇಡ ಅಂದರು. ಯೋಜನೆ ಕೈಬಿಟ್ಟರು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡಲು 40 ಮರ ಉರುಳಿದವು. ನನ್ನಂಥವರಿಗೆ ವಿಷಯ ಗೊತ್ತಾಗಿದ್ದೇ ಉರುಳಿದ ಮೇಲೆ. ಹೋಗಿ ನೋಡಿದಾಗ ಬೊಡ್ಡೆಗಳು ಇನ್ನೂ ಹಸಿ ಇದ್ದವು.

ಯಾಕೆ ಹೀಗೆ? ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಅದರ ಪ್ರಕಾರ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಮಾತ್ರ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. 40 ಅಂದರೆ ಲೆಕ್ಕಕ್ಕಿಲ್ಲ. ಈಗ ನೀವೇ ಹೇಳಿ, ಊರೊಳಗಿನ ಯಾವ ರಸ್ತೆಯಲ್ಲಿ 50 ಮರ ಒಟ್ಟಿಗೆ ಇದೆ? ಒಂದು ರಸ್ತೆಯಲ್ಲಿ 40, ಇನ್ನೊಂದರಲ್ಲಿ 30, ಮುಂದಿನ ವರ್ಷ ಮತ್ತೊಂದರಲ್ಲಿ 45. ಕಾನೂನು ಮುರಿಯದೆ, ಒಬ್ಬರನ್ನೂ ಕೇಳದೆ ಇಡೀ ಊರನ್ನೇ ಬೋಳು ಮಾಡಬಹುದು. ರಸ್ತೆ ಅಗಲ ಆಗಲೇಬೇಕಿತ್ತೋ ಏನೋ, ಅದರ ಬಗ್ಗೆ ನನ್ನದೇನೂ ಹಟ ಇಲ್ಲ. ಆದರೆ ಒಂದು ಬೋರ್ಡು ನೇತುಹಾಕಿ ಹತ್ತು ದಿನ ಕಾಯಲು ಏನು ಕಷ್ಟ?

ಕೇಳದೇ ಇದ್ದರೆ ಏನಾಗುತ್ತೆ ಅನ್ನುವುದು ಬೇಬಿ ಬೆಟ್ಟದಲ್ಲಿ ಗೊತ್ತಾಯಿತು. ಕೆಆರ್‌ಎಸ್ ಪಕ್ಕದಲ್ಲಿ ಕಲ್ಲು ಗಣಿ. ಸ್ಫೋಟದಿಂದ ಕಟ್ಟೆಗೆ ಪೆಟ್ಟಾಗುತ್ತೋ ಇಲ್ಲವೋ ಅಂತ ನೋಡಲು 2022ರಲ್ಲಿ ಪರೀಕ್ಷಾರ್ಥ ಬ್ಲಾಸ್ಟ್ ಮಾಡಲು ಹೊರಟರು. ರೈತರು ಗೋ ಬ್ಯಾಕ್ ಅಂದರು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ ನಿಲ್ಲಿಸಿ ಅಂತು. ಅದೇ ವರ್ಷ ಜುಲೈನಲ್ಲಿ ಮತ್ತೆ ಬ್ಲಾಸ್ಟ್ ಮಾತು, ಮತ್ತೆ ಗೋ ಬ್ಯಾಕ್. ವಿಜ್ಞಾನಿಗಳು ಬಂದು ಪರೀಕ್ಷೆ ಮಾಡುವುದು ತಪ್ಪೇನಲ್ಲ. ಆದರೆ ಆ ಕಟ್ಟೆ ನೀರಿನಲ್ಲೇ ಬದುಕುವವರನ್ನು ಕೂರಿಸಿಕೊಂಡು ಏನು ಮಾಡ್ತೀವಿ, ಯಾಕೆ ಮಾಡ್ತೀವಿ, ಫಲಿತಾಂಶ ಯಾರಿಗೆ ತೋರಿಸ್ತೀವಿ ಅಂತ ಮೊದಲೇ ಹೇಳಿದ್ದರೆ? ಕಲ್ಲು ಒಡೆದು ಹೊಟ್ಟೆ ಹೊರೆಯುವವರೂ ಅಲ್ಲೇ ಸುತ್ತಮುತ್ತ ಇದ್ದಾರೆ. ಅವರನ್ನೂ ಕರೆಯಬೇಕು. ನಮ್ಮ ಹೋರಾಟಗಾರರು ಇದನ್ನು ಸ್ವಲ್ಪ ಮರೆಯುತ್ತಾರೆ. ಬೈದರೂ ಪರವಾಗಿಲ್ಲ, ಹೇಳಿದ್ದೇನೆ.

ಭಾಷೆ ವಿಷಯಕ್ಕೆ ಬಂದರೆ ಇನ್ನೂ ಚೆಂದ. 2020ರಲ್ಲಿ ಆ 2006ರ ಅಧಿಸೂಚನೆಯನ್ನೇ ಬದಲಾಯಿಸುವ ಕರಡು ಬಂತು. ಅದರಲ್ಲಿ 30 ದಿನವನ್ನು 20ಕ್ಕೆ ಇಳಿಸಿದ್ದರು. ಅಭಿಪ್ರಾಯ ಕೊಡಿ ಅಂತ ದೇಶಕ್ಕೆಲ್ಲ ಕರೆ ಕೊಟ್ಟರು, ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ! 22 ಭಾಷೆಗಳಿಗೆ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳಿತು. ಸರ್ಕಾರ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಪಾಂಡವಪುರದ ರೈತನಿಗೆ ಕನ್ನಡದಲ್ಲಿ ಹೇಳಲು ಅಷ್ಟು ಸಂಕಟ.

ಮತ್ತೆ ಆ ಶಾಮಿಯಾನಕ್ಕೆ ಬರ್ತೀನಿ. ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ನಿಯಮ ಇದೆ. ಸಭೆ ಮುಗಿಯುವಾಗ, ಯಾರು ಏನಂದರು ಅನ್ನುವುದರ ಸಾರಾಂಶವನ್ನು ಅಲ್ಲೇ ಜನರ ಮುಂದೆ ಓದಬೇಕು, ಅವರ ಭಾಷೆಯಲ್ಲೇ ವಿವರಿಸಬೇಕು. ಎಲ್ಲರೂ ಒಪ್ಪಿದ ಮೇಲೆ ಸಹಿ. ಅವತ್ತು ಓದಿದರು. ಆದರೆ ಅಷ್ಟು ಹೊತ್ತಿಗೆ ಮುಕ್ಕಾಲು ಕುರ್ಚಿ ಖಾಲಿ. ಹಾಲು ಕರೆಯುವ ಹೊತ್ತು, ಡೇರಿಗೆ ಹಾಕಬೇಕು, ಬಸ್ಸು ಬೇರೆ. ನಾನೂ ಚಪ್ಪಲಿ ಮೆಟ್ಟಿ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಜ್ಜಿ ಮಾತ್ರ ಕೂತೇ ಇದ್ದರು. ಅಧಿಕಾರಿಗಳು ಓದುತ್ತಾ ಹೋದರು: ಉದ್ಯೋಗ, ರಸ್ತೆ, ಶಾಲೆಗೆ ಕಾಂಪೌಂಡು. "ಧೂಳಿನ ಬಗ್ಗೆ ಒಬ್ಬರು ಪ್ರಸ್ತಾಪಿಸಿದರು." ಮುಗೀತು. ಅಜ್ಜಿ ಮೈಕಿಲ್ಲದೆ ಎದ್ದು ಕೂಗಿದರು, "ನನ್ ಟವಲ್ ವಿಷ್ಯ ಬರೆದ್ರಾ?"

ವೇದಿಕೆ ಮೇಲೆ ಒಬ್ಬರು ನಕ್ಕರು. ಇನ್ನೊಬ್ಬರು ಪೆನ್ನು ತೆಗೆದು, "ಧೂಳಿನ" ಅನ್ನುವ ಪದದ ಮೇಲೆ ಗೀಟು ಹಾಕಿ, ಏನೋ ಬರೆದುಕೊಂಡರು. ಆಮೇಲೆ ಟವಲನ್ನು ಮಡಚಿ ಅಜ್ಜಿಗೆ ವಾಪಸ್ ಕೊಟ್ಟರು. ಅವರು ತಗೊಳ್ಳಲಿಲ್ಲ. "ನಿಮ್ತಾವೇ ಇರ್ಲಿ" ಅಂದು ಹಾಲು ಕರೆಯಲು ಹೋದರು.