ಗೋಳಗುಮ್ಮಟಕ್ಕೆ ಫೋನ್ ಡ್ಯೂಟಿ

ನಮ್ಮ ವಿಜಯಪುರದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಉತ್ತರ ಕೊಡುವ ಕಚೇರಿ ಒಂದೇ ಒಂದಿದೆ. ಅದನ್ನು ಮಹಮ್ಮದ್ ಆದಿಲ್ ಶಾ ಕಟ್ಟಿಸಿದ. ಉಳಿದ ಕಚೇರಿಗಳಲ್ಲಿ ಏಳು ಸಲ ಕೂಗಿದರೆ ಒಂದು ಸಲ ‘ಸಾಹೇಬ್ರು ಮೀಟಿಂಗಿನ್ಯಾಗ ಅದಾರ’ ಅನ್ನುತ್ತಾರೆ.

ಹಾಗಾಗಿ ನನ್ನದೊಂದು ಸಲಹೆ. ಇನ್ನು ಮುಂದೆ ತುರ್ತು ಕರೆ ಎತ್ತುವ ಕೆಲಸವನ್ನು ಗೋಳಗುಮ್ಮಟಕ್ಕೇ ಒಪ್ಪಿಸಿಬಿಡಿ. ಸಂಬಳ ಬೇಡ, ಪಿ.ಎಫ್. ಬೇಡ, ವಾರದ ರಜೆ ಬೇಡ. ಹೆರಿಗೆ ರಜೆಯಂತೂ ಕೇಳುವುದೇ ಇಲ್ಲ. ಮೂರೂವರೆ ಶತಮಾನದಿಂದ ಒಂದು ದಿನವೂ ಗೈರುಹಾಜರಿ ಇಲ್ಲ. ಇಂಥ ಸಿಬ್ಬಂದಿ ಹೊರಗುತ್ತಿಗೆಯಲ್ಲೂ ಸಿಗುವುದಿಲ್ಲ.

ತಮಾಷೆ ಅನ್ನಬೇಡಿ. ಈಗಿರುವ ಏರ್ಪಾಡಿನ ಮುಂದೆ ನನ್ನ ತಮಾಷೆ ಬಹಳ ಸಪ್ಪೆ.

ನನ್ನ ಗೆಳೆಯನ ಮಗಳು ಒಂದು ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುತ್ತಾಳೆ. ಯಾವುದು ಅಂತ ಹೇಳಲ್ಲ. ಹೇಳಿದರೆ ಆಕೆಯ ಕೆಲಸ ಹೋದೀತು, ಹೋದರೆ ಅಲ್ಲಿ ಯಾರೂ ಉಳಿಯಲ್ಲ. ಕಿವಿಗೆ ಹೆಡ್‌ಫೋನ್, ಎದುರಿಗೆ ಎರಡು ಸ್ಕ್ರೀನು, ಪಕ್ಕದಲ್ಲಿ ವೈರ್‌ಲೆಸ್ ಸೆಟ್ಟು, ಅದರ ಪಕ್ಕದಲ್ಲಿ ಖಾಲಿ ಕುರ್ಚಿ. ಕುರ್ಚಿಗೆ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇದೆ. ಯಾರಾದರೂ ಕೂತರೆ ತಾನೇ ಹರಿಯುವುದು?

ಪೊಲೀಸರಿಗೆ ಒಂದು ನಂಬರ್, ಬೆಂಕಿಗೆ ಒಂದು ನಂಬರ್ ಅಂತ ನೆನಪಿಡೋದು ಜನಕ್ಕೆ ಕಷ್ಟ ಅಂತ ಎಲ್ಲಕ್ಕೂ ಸೇರಿಸಿ 112 ಮಾಡಿದರು. ಒಳ್ಳೆಯದೇ. ನೀವು ಬಸವನ ಬಾಗೇವಾಡಿ ಕಡೆಯ ಹೊಲದಲ್ಲಿ ನಿಂತು 112 ಒತ್ತಿದರೆ ಸುಮಾರು 500 ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ ಫೋನ್ ಎತ್ತುತ್ತಾರೆ. ಅವರು ಟೈಪ್ ಮಾಡಿದ್ದು ಜಿಲ್ಲೆಯ ಕಂಟ್ರೋಲ್ ರೂಮಿನ ಸ್ಕ್ರೀನಿಗೆ ಬರುತ್ತದೆ. ಅಲ್ಲಿ ಕೂತವರು ಯಾವ ಗಾಡಿ ಎಲ್ಲಿದೆ ನೋಡಿ, ಹತ್ತಿರದ್ದನ್ನು ಓಡಿಸಬೇಕು. ಓದೋಕೆ ಸಲೀಸು.

ಒಂದು ರಾತ್ರಿ ನಡೆದದ್ದು ಕೇಳಿ.

‘ಟ್ರ್ಯಾಕ್ಟರ್ ಪಲ್ಟಿ ಆಗೇತ್ರಿ, ಲಗೂ ಗಾಡಿ ಕಳಿಸ್ರಿ!’

‘ಎಲ್ಲಿ ಸಾರ್?’

‘ಬನ್ನಿ ಹತ್ರ ರೀ!’

‘ಬರ್ತಾರೆ ಸಾರ್. ಎಲ್ಲಿಗೆ ಬರಬೇಕು?’

‘ಅದನ್ನ ಹೇಳಾಕತ್ತೇನಲ್ರೀ, ಬನ್ನಿ ಹತ್ರ!’

‘ಹತ್ರಾನೇ ಬರ್ತಾರೆ ಸಾರ್, ಜಾಗ ಹೇಳಿ.’

ಸ್ಕ್ರೀನಿನ ಮೇಲೆ ಬಂದ ವಾಕ್ಯ ಹೀಗಿತ್ತಂತೆ: ‘ಹತ್ತಿರ ಬನ್ನಿ ಎನ್ನುತ್ತಿದ್ದಾರೆ. ವಿಳಾಸ ಹೇಳುತ್ತಿಲ್ಲ.’

ನಮ್ಮ ಕಡೆ ಯಾರೂ ಯಾರಿಗೂ ‘ಬನ್ನಿ’ ಅನ್ನಲ್ಲ. ‘ಬರ್ರಿ’ ಅಂತೇವೆ. ಬನ್ನಿ ಅಂದರೆ ಗಿಡ. ದಸರೆಯಲ್ಲಿ ಒಂದು ದಿನದ ಮಟ್ಟಿಗೆ ಬಂಗಾರವಾಗುವ ಗಿಡ. ಬೆಂಗಳೂರಿನವರದ್ದೂ ತಪ್ಪಿಲ್ಲ, ರೈತನದ್ದೂ ತಪ್ಪಿಲ್ಲ. ಈ ಹುಡುಗಿ ವಾಪಸ್ ಫೋನ್ ಹಚ್ಚಿದಳು. ‘ಕಾಕಾ, ಯಾವ ಬನ್ನಿಗಿಡ? ಪಾದಗಟ್ಟಿ ಹತ್ರದ್ದೋ, ಹಳ್ಳದ ದಂಡಿದ್ದೋ?’ ಆತ ಹೇಳಿದ. ಗಾಡಿ ಹೋಯಿತು. ಕಂಪ್ಯೂಟರ್ ನಕ್ಷೆಯಲ್ಲಿ ಬನ್ನಿಗಿಡವೂ ಇಲ್ಲ, ಪಾದಗಟ್ಟಿಯೂ ಇಲ್ಲ. ಅದು ಇರೋದು ಆಕೆಯ ತಲೆಯಲ್ಲಿ. ಆ ತಲೆಗೆ ನೇಮಕಾತಿ ಕಾಗದದಲ್ಲಿ ಕೊಟ್ಟ ಹೆಸರು ‘ಡಾಟಾ ಎಂಟ್ರಿ’.

ಇದು ನಮ್ಮದೇ ಸಾಧನೆ ಅಂತ ಹೆಮ್ಮೆಪಡುವ ಹಾಗೂ ಇಲ್ಲ. ಅಮೆರಿಕದವರು ಮೊದಲೇ ಮಾಡಿ ಮುಗಿಸಿದ್ದಾರೆ. ಅಲ್ಲಿನ ತುರ್ತು ನಂಬರ್ 911 ಶುರುವಾಗಿದ್ದು 1968ರಲ್ಲಿ. ಅಲ್ಲಿನ ಕೇಂದ್ರ ಸರ್ಕಾರ ಎಲ್ಲ ಉದ್ಯೋಗಗಳನ್ನೂ ಗುಂಪು ಮಾಡಿ ಪಟ್ಟಿ ಇಟ್ಟಿದೆ. ಪೊಲೀಸರು, ಬೆಂಕಿ ಆರಿಸುವವರು ‘ರಕ್ಷಣಾ ಸೇವೆ’ ಗುಂಪು. ಜೂಜುಕಟ್ಟೆಯಲ್ಲಿ ಕ್ಯಾಮೆರಾ ನೋಡುತ್ತ ಕೂರುವವರೂ ಅದೇ ಗುಂಪು. ತಪ್ಪು ಪಾರ್ಕಿಂಗ್‌ಗೆ ಚೀಟಿ ಹರಿಯುವವರು, ಈಜುವವರ ಮೇಲೆ ಕಣ್ಣಿಡುವವರು, ನಾಯಿ ಹಿಡಿಯುವವರು, ಎಲ್ಲರೂ ರಕ್ಷಕರೇ. 911 ಫೋನ್ ಎತ್ತುವವರು ಮಾತ್ರ ಗುಮಾಸ್ತರ ಗುಂಪು. 2018ರ ಪರಿಷ್ಕರಣೆಯಲ್ಲಿ ಅವರ ಹುದ್ದೆಗೆ ಹೊಸ ಹೆಸರು ಕೊಟ್ಟರು. ಗುಂಪು ಬದಲಿಸಲಿಲ್ಲ. ಬದಲಿಸಿ ಅಂತ 2019ರಲ್ಲಿ ಅಲ್ಲಿನ ಸಂಸತ್ತಿಗೆ ಮಸೂದೆ ಬಂತು, ಆಮೇಲೂ ಮತ್ತೆ ಬಂತು. ಹೆಸರು ಹೊಸದು ಮಾಡಿ ಹುದ್ದೆ ಅಲ್ಲೇ ಬಿಡೋದು ನಮ್ಮವರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ.

ಈ ನಂಬರ್‌ಗಳು ಹುಟ್ಟಿದ ಕತೆಯೂ ಇಲ್ಲಿ ನೆನಪಾಗುತ್ತದೆ. 1935ರಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಒಂದು ಮನೆಗೆ ಬೆಂಕಿ ಬಿತ್ತು. ಐದು ಮಂದಿ ಹೆಣ್ಣುಮಕ್ಕಳು ಸತ್ತರು. ಹತ್ತಿರದವರೊಬ್ಬರು ಫೋನ್ ಹಚ್ಚಿದ್ದರು, ಆದರೆ ಎಕ್ಸ್‌ಚೇಂಜಿನಲ್ಲಿ ಸರದಿ ಕಾಯಬೇಕಾಯಿತು. ಅವರು ಪತ್ರಿಕೆಗೆ ಬರೆದರು, ಗಲಾಟೆಯಾಯಿತು, 1937ರಲ್ಲಿ 999 ಬಂತು. ಅಂದರೆ ಹೊತ್ತಿಗೆ ಫೋನ್ ಎತ್ತುವವರಿರಲಿಲ್ಲ ಅಂತಲೇ ತುರ್ತು ನಂಬರ್ ಹುಟ್ಟಿದ್ದು. ಈಗ ನಮ್ಮ ಹತ್ತಿರ ನಂಬರ್ ಇದೆ.

ಮಂದಿಯ ಲೆಕ್ಕಕ್ಕೆ ಬರೋಣ. ಒಂದು ಕುರ್ಚಿ ಹಗಲೂ ರಾತ್ರಿ ತುಂಬಿರಬೇಕಾದರೆ ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿಯಬಹುದು. ಮೂರು ಪಾಳಿ, ಹಾಗಾದರೆ ಮೂರು ಮಂದಿ ಸಾಕು ಅಂದ ಮಹಾಶಯನ ಲೆಕ್ಕ 144ಕ್ಕೆ ನಿಂತಿತು. ಉಳಿದದ್ದು 24 ಗಂಟೆ. ಭರ್ತಿ ಒಂದು ದಿನ! ಆ ದಿನ ಜಿಲ್ಲೆಯಲ್ಲಿ ಯಾರಿಗೂ ಎದೆನೋವು ಬರಕೂಡದು, ಬಣವೆಗೆ ಬೆಂಕಿ ಬೀಳಕೂಡದು, ಅಣ್ಣತಮ್ಮಂದಿರು ಬದುವಿಗಾಗಿ ಕುಡುಗೋಲು ಹಿಡಿಯಕೂಡದು ಅಂತ ಒಂದು ಸುತ್ತೋಲೆ ಹೊರಡಿಸಿದರೆ ಎಲ್ಲ ಸರಿಹೋಗುತ್ತಿತ್ತು. ಸುತ್ತೋಲೆ ಬರೆಯುವ ಗುಮಾಸ್ತರ ಹುದ್ದೆಯೂ ಖಾಲಿಯಿರಬೇಕು. ಹಾಗಾಗಿ ಆ 24 ಗಂಟೆಯನ್ನು ಮೂವರಿಗೇ ಹಂಚಿದರು. ಅದಕ್ಕೆ ‘ಅಡ್ಜಸ್ಟ್ ಮಾಡ್ಕೊಳ್ರಿ’ ಅನ್ನುತ್ತಾರೆ. ಮೂವರಲ್ಲಿ ಒಬ್ಬ ಬೇರೆ ನೌಕರಿ ಸಿಕ್ಕಿತು ಅಂತ ಹೋದ. ಉಳಿದದ್ದು ಇಬ್ಬರು. ಅಡ್ಜಸ್ಟ್ ಇನ್ನೂ ಜಾಸ್ತಿ ಆಯಿತು.

ಮೇಲಿಂದ ಸುಮ್ನೆ ಬರುವ ಕರೆಗಳು ಬೇರೆ. 2017ರಿಂದ ಮಾರುವ ಮೊಬೈಲಿನಲ್ಲಿ ತುರ್ತು ಬಟನ್ ಇರಬೇಕು ಅಂತ ನಿಯಮವಾಯಿತು. ಬಟನ್ ಫೋನಾದರೆ 5 ಅಥವಾ 9ನ್ನು ಒತ್ತಿ ಹಿಡಿದರೆ ಸಾಕು. ನಮ್ಮ ಹಿರಿಯರ ಒಳಕಿಸೆಯಲ್ಲಿ ಎಲೆಅಡಿಕೆ ಚಂಚಿಯ ಒತ್ತಡಕ್ಕೆ ಫೋನ್ ತಾನೇ ಸಹಾಯ ಬೇಡುತ್ತದೆ. ಹುಡುಗಿ ವಾಪಸ್ ಹಚ್ಚಿದರೆ ಒಮ್ಮೆ ಭಜನೆ, ಒಮ್ಮೆ ಕಂಡಕ್ಟರನ ಸೀಟಿ, ಒಮ್ಮೆ ರೊಟ್ಟಿ ಬಡಿಯುವ ಸದ್ದು. ‘ಹಸಿವಾದಾಗ ಆ ಸದ್ದು ಕೇಳಬಾರದು ಕಾಕಾ’ ಅಂದಳು.

ಒಮ್ಮೆ ಮಾತ್ರ ಒಬ್ಬ ಹೆಣ್ಣುಮಗಳು ಎತ್ತಿ, ‘ತಪ್ಪಿ ಹತ್ತೇತ್ರಿ, ಏನಿಲ್ಲ’ ಅಂದಳಂತೆ. ಏನೂ ಇಲ್ಲ ಅನ್ನೋಕೆ ಆಕೆ ಬಹಳ ಮೆಲ್ಲಗೆ ಮಾತಾಡಿದಳು. ಹಿಂದಿನಿಂದ ಗಂಡಸಿನ ದನಿ, ‘ಯಾಂವ ಅವ?’ ಫೋನ್ ಕಟ್ಟಾಯಿತು. ಈಕೆ ಗಾಡಿ ಕಳಿಸಿದಳು. ಮುಂದೆ ಏನಾಯಿತೋ ಗೊತ್ತಿಲ್ಲ. ಸ್ಕ್ರೀನಿನಲ್ಲಿ ‘ಕ್ಲೋಸ್ಡ್’ ಅಂತ ಬಂತು, ಅಷ್ಟೇ. ಇವರಿಗೆ ಎಲ್ಲ ಕತೆಗಳ ಮೊದಲ ಸಾಲು ಗೊತ್ತು, ಒಂದರದ್ದೂ ಕೊನೆ ಗೊತ್ತಿಲ್ಲ. ಮರುದಿನ ಮೇಲಿನವರು ಕೇಳಿದ್ದು ಡೀಸೆಲ್ ಲೆಕ್ಕ. ‘ಏನಿಲ್ಲ ಅಂದ ಮ್ಯಾಲೂ ಗಾಡಿ ಯಾಕ ಕಳಿಸಿದಿ?’ ದನಿ ಮೆಲ್ಲಗಿತ್ತು ಅಂತ ಬರೆಯೋಕೆ ಆ ನಮೂನೆಯಲ್ಲಿ ಕಾಲಂ ಇಲ್ಲ.

ಗುರುತಿಸುವುದೇ ಇಲ್ಲ ಅಂತ ದೂರಿದರೆ ಅನ್ಯಾಯವಾದೀತು. ಒಮ್ಮೆ ಗುರುತಿಸಿದ್ದರು.

ಹೊಸ ಗಾಡಿಗಳು ಬಂದಿದ್ದವು. ಮೇ ತಿಂಗಳ ಬಿಸಿಲು, ತಗಡಿನ ಪೆಂಡಾಲು. ಗಾಡಿಗಳಿಗೆ ಚೆಂಡುಹೂವಿನ ಮಾಲೆ, ಕುಂಕುಮ, ಚಕ್ರದ ಕೆಳಗೆ ಇಂಡಿ ತಾಲೂಕಿನ ಲಿಂಬೆಹಣ್ಣು. ಲಿಂಬೆಹಣ್ಣಿಗೂ ಆ ದಿನ ಒಂದು ಜವಾಬ್ದಾರಿ ಇತ್ತು. ಮುಖ್ಯ ಅತಿಥಿಗಳು ದಾರಿಯಲ್ಲಿದ್ದರು; ಹನ್ನೊಂದರ ಕಾರ್ಯಕ್ರಮಕ್ಕೆ ಒಂದೂವರೆಗೂ ದಾರಿಯಲ್ಲೇ ಇದ್ದರು. ಅಷ್ಟರಲ್ಲಿ ಸ್ವಾಗತ ಗೀತೆ ಹಾಡಲು ಬಂದಿದ್ದ ಹುಡುಗಿಯೊಬ್ಬಳು ಬಿಸಿಲಿಗೆ ತಲೆತಿರುಗಿ ಬಿದ್ದಳು. ಯಾರೋ 112 ಒತ್ತಿದರು. ನಮ್ಮ ಹುಡುಗಿಯ ಸ್ಕ್ರೀನಿಗೆ ಬಂತು. ನೋಡಿದರೆ ಹತ್ತು ಹೆಜ್ಜೆಯೊಳಗೆ ಸಾಲುಸಾಲು ಗಾಡಿ! ವೈರ್‌ಲೆಸ್ಸಿನಲ್ಲಿ ಕೂಗಿದಳು. ಉತ್ತರ ಬಂತು: ‘ಮೇಡಂ, ರಿಬ್ಬನ್ ಕಟ್ ಆಗಿಲ್ಲ.’

ಆರು ಕಿಲೋಮೀಟರ್ ಆಚೆಯ ಹಳೇ ಗಾಡಿ ಬಂದು ಹುಡುಗಿಯನ್ನು ಒಯ್ದಿತು. ಹೊಸ ಗಾಡಿಗಳ ಮುಂದೆಯೇ ಹೋಯಿತು. ಅದಕ್ಕೆ ಮಾಲೆ ಇರಲಿಲ್ಲ.

ಆಮೇಲೆ ಸನ್ಮಾನ. ಚಾಲಕರಿಗೆ ಶಾಲು, ಅಧಿಕಾರಿಗಳಿಗೆ ಶಾಲು, ಅವರನ್ನು ಕರೆತಂದವರಿಗೆ ಶಾಲು. ಮೈಕ್‌ಸೆಟ್ಟಿನವನಿಗೆ ಉಳಿದ ಒಂದು ಶಾಲು. ಪಟ್ಟಿಯ ಕೊನೆಗೆ ನಮ್ಮ ಹುಡುಗಿಯ ಹೆಸರೂ ಇತ್ತು, ಸುಳ್ಳಲ್ಲ. ನಿರೂಪಕರು ಮೂರು ಸಲ ಕೂಗಿದರು. ಆಕೆ ಬರಲಿಲ್ಲ. ಬರಬೇಕಾದರೆ ಕುರ್ಚಿಗೆ ಇನ್ನೊಬ್ಬರು ಬೇಕಲ್ವಾ? ವೇದಿಕೆಯ ಮೇಲಿಂದ ‘ಗೈರುಹಾಜರು’ ಅಂದರು. ಹತ್ತು ದಿನ ಬಿಟ್ಟು ಒಂದು ಕಾಗದ ಬಂತು. ಪ್ರಶಸ್ತಿಪತ್ರ ಅಂದುಕೊಂಡು ಒಡೆದಳು. ‘ಸನ್ಮಾನ ಸಮಾರಂಭಕ್ಕೆ ಗೈರಾದ ಬಗ್ಗೆ ಲಿಖಿತ ವಿವರಣೆ ನೀಡುವುದು.’

ಫೋನ್ ಎತ್ತುವವರಿಗೂ ಒಂದು ದಿನ ಅಂತ ಇಡಬಹುದಿತ್ತು. ಅಮೆರಿಕದಲ್ಲಿ 1981ರಿಂದ ಏಪ್ರಿಲ್ ಎರಡನೇ ವಾರ ಇವರದ್ದು. ನಮ್ಮ ಏಪ್ರಿಲ್‌ನಲ್ಲಿ ಜಾಗ ಕಡಿಮೆ. 2ಕ್ಕೆ ಪೊಲೀಸ್ ಧ್ವಜ ದಿನ, 14ರಿಂದ ಅಗ್ನಿಶಾಮಕ ಸಪ್ತಾಹ. 1ನೇ ತಾರೀಕು ಖಾಲಿ ಇದೆ. ಮೇಲಿನವರಿಗೆ ಅದು ಹೊಳೆಯದಿರಲಿ ಅಂತ ಬೇಡಿಕೊಳ್ಳುತ್ತೇನೆ.

ಬೇಜಾರಾಗಿ ಒಂದು ಸಂಜೆ ಉಪ್ಪಲಿ ಬುರುಜಿನ ಕಡೆ ಹೋದೆ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು. ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಹೋಗುತ್ತವೆ. ಅದೇ ಆಗಿನ ಕಂಟ್ರೋಲ್ ರೂಮು. ಮೇಲೆ ನಿಂತವನು ದೂರದಲ್ಲಿ ಧೂಳು ಎದ್ದರೆ ಕೂಗಬೇಕು. ಕಟ್ಟಿಸಿದವನ ಹೆಸರು ಉಳಿದಿದೆ. ಅಲ್ಲೇ ಹತ್ತಿರದ ಬುರುಜಿನ ಮೇಲಿರುವ ತೋಪಿಗೂ ಹೆಸರಿದೆ, ಮಲಿಕ್-ಎ-ಮೈದಾನ್. ತೋಪು ಹಾರಿಸುವವನ ಕಿವಿ ಹೋಗಬಾರದು ಅಂತ ಮುಳುಗಲು ಪಕ್ಕದಲ್ಲೇ ನೀರಿನ ತೊಟ್ಟಿ ಇತ್ತು ಅಂತ ಗೈಡುಗಳು ತೋರಿಸುತ್ತಾರೆ. ಧೂಳು ನೋಡಿ ಕೂಗಿದವನ ಹೆಸರನ್ನು ಮಾತ್ರ ಯಾವ ಗೈಡೂ ಹೇಳಲ್ಲ. ಅವನಿಗೂ ರಿಲೀವರ್ ಇದ್ದನೋ ಇಲ್ಲವೋ. ನಮ್ಮ ಹುಡುಗಿಗೆ ಕಿವಿನೋವು. ಹೆಡ್‌ಫೋನಿನ ಸ್ಪಂಜು ಕಿತ್ತುಹೋಗಿದೆ, ಇಂಡೆಂಟ್ ಕಳಿಸಿದ್ದಾಳೆ.

ಮರುದಿನ ಬೆಳಿಗ್ಗೆ ನನ್ನ ಸಲಹೆಯನ್ನು ಪರೀಕ್ಷಿಸಲು ಗೋಳಗುಮ್ಮಟ ಹತ್ತಿದೆ. ಮೆಟ್ಟಿಲು ಹತ್ತಿ ದಮ್ಮು ಬಂದು, ಇಲ್ಲೇ ಬಿದ್ದರೆ ಯಾರಿಗೆ ಫೋನ್ ಮಾಡಲಿ ಅಂತ ಒಂದು ಗಳಿಗೆ ಯೋಚನೆಯಾಯಿತು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಶಾಲೆ ಹುಡುಗರು ಸೀಟಿ ಹೊಡೆಯುತ್ತಿದ್ದರು. ಅವರು ಇಳಿಯುವ ತನಕ ಕಾದು, ಗೋಡೆಗೆ ಬಾಯಿ ಹತ್ತಿರ ಇಟ್ಟು ಹೇಳಿದೆ.

‘ಬನ್ನಿ ಹತ್ರ ಟ್ರ್ಯಾಕ್ಟರ್ ಪಲ್ಟಿ ಆಗೇತಿ. ಗಾಡಿ ಕಳಿಸ್ರಿ.’

ಗುಮ್ಮಟ ಹೇಳಿತು: ‘ಕಳಿಸ್ರಿ... ಕಳಿಸ್ರಿ... ಕಳಿಸ್ರಿ...’

ಎಣಿಸಿದೆ. ಭರ್ತಿ ಏಳು ಸಲ. ನಾನು ಹೇಳಿದ್ದನ್ನೇ ನನಗೆ ತಿರುಗಿಸಿ ಕಳಿಸಿತು, ಕೈಗೆ ಏನೂ ಹತ್ತಿಸಿಕೊಳ್ಳಲಿಲ್ಲ. ಪ್ರಮೋಷನ್ನಿಗೆ ಲಾಯಕ್ಕು. ಯಾವ ಬನ್ನಿಗಿಡ ಅಂತ ಮಾತ್ರ ಕೇಳಲಿಲ್ಲ.

ಇದನ್ನು ಹೇಳಿ ನಗಿಸೋಣ ಅಂತ ಅಲ್ಲಿಂದಲೇ ಹುಡುಗಿಯ ಮೊಬೈಲಿಗೆ ಹಚ್ಚಿದೆ. ರಾತ್ರಿ ಪಾಳಿ ಮುಗಿದು ಎರಡು ತಾಸಾಗಿರಬೇಕು, ಮನೆಯಲ್ಲಿರುತ್ತಾಳೆ ಅಂದುಕೊಂಡಿದ್ದೆ.

‘ಕಾಕಾ, ಇನ್ನೂ ಇಲ್ಲೇ ಅದೀನಿ. ಆಮ್ಯಾಲ ಹಚ್ಚತೀನಿ, ಇನ್ನೊಂದು ಬಂತು’ ಅಂದಳು.